ಷರಾ

ಹೊಳಲ್ಕೆರೆ ಬಸ್ಸು ಗೇಟಿನ ಹತ್ತಿರ ಇಳಿಸಿ ಹೋದಾಗ
ಹನ್ನೊಂದೂವರೆ. ಕಂಕುಳಲ್ಲಿ ಡೆಡ್ ಸ್ಟಾಕ್ ರಿಜಿಸ್ಟರು,
ಚೀಲದಲ್ಲಿ ಖಾರಮಂಡಕ್ಕಿಯ ಪೊಟ್ಟಣ.
ಜಾಲಿಯಡಿ ವಾಲಿದ ಮೈಲಿಗಲ್ಲು
ನಮ್ಮ ದುರ್ಗವನ್ನು ಇನ್ನೂ ಚಿತಲ್‌ಡ್ರೂಗ್ ಅನ್ನುತ್ತದೆ,
ಬಾಯೊಳಗೆ ಬಿಸಿ ಮಿರ್ಚಿ ಇಟ್ಟುಕೊಂಡು ಮಾತಾಡಿದ ಹಾಗೆ.

ಬಂಗಲೆಗಿಂತ ಮೊದಲು ಕಂಡದ್ದು ಚಿಮಣಿ.
ರಾತ್ರಿ ಹತ್ತಕ್ಕೂ ಬಂಡೆ ಬಿಸಿ ಕಾರುವ ಈ ಸೀಮೆಯಲ್ಲಿ
ಯಾವ ಚಳಿಗೆ ಹೆದರಿ ಕಟ್ಟಿಸಿದನೋ ದೊರೆ!
ಈಗ ಅದರ ತುಂಬ ಹೆಜ್ಜೇನು.

ಬೀಗದ ಗೊಂಚಲು ಹಿಡಿದು ಮೇಟಿ ಬೋಸಯ್ಯ ಮುಂದೆ,
ಪೆನ್ಸಿಲು ಹಿಡಿದು ನಾನು ಹಿಂದೆ.
ತೇಗದ ಮೇಜು, ಒಂದು. ಇದೆ.
ಬೆತ್ತದ ಕುರ್ಚಿ, ಆರು. ನಾಲ್ಕಿವೆ,
ಐದನೆಯದರ ಕಾಲು ಹಿಂಬಾಗಿಲಿಗೆ ಅಗುಳಿಯಾಗಿದೆ.
ಪಿಂಗಾಣಿ ಸ್ನಾನದ ತೊಟ್ಟಿ, ಒಂದು. ಇದೆ,
ಅದರಲ್ಲಿ ಬಿತ್ತನೆ ಶೇಂಗಾ.
ನಾನು ನೋಡಲಿಲ್ಲ.

ಊಟದ ಕೋಣೆಯಲ್ಲಿ
ಚಿತ್ರಪಟ, ಚೌಕಟ್ಟು ಸಹಿತ, ಒಂದು.
ಆಕಾಶದ ಅರ್ಧ ಗೆದ್ದಲು ತಿಂದಿದೆ. ಕೆಳಗೆ ಹಸಿರು,
ಆ ಹಸಿರಿನಾಚೆ ಇನ್ನೊಂದು ಹಸಿರು,
ಎಲ್ಲದರ ಕೊನೆಗೆ
ಎಣಿಸಲಾರದಷ್ಟು ಕಿಟಕಿಗಳ ಮನೆ.
"ಇದು ಅವ್ರೂರ ಮನೆ" ಅಂದ ಬೋಸಯ್ಯ,
ಬೀಗರ ಮನೆ ತೋರಿಸುವ ದನಿಯಲ್ಲಿ.
"ಕುರಿ ಹನ್ನೊಂದು. ನೀವು ಹತ್ತು ಅಂತೀರಿ.
ಮರದ ಹಿಂದೆ ಒಂದೈತೆ, ಬಾಲ ನೋಡ್ರಿ.
ಮೂವತ್ತೊಂದು ವರ್ಸಾತು ಮೇಡಮ್ಮ, ದಿನಾ ನೋಡ್ತೀನಿ,
ಆ ಬಾಗ್ಲಿಂದ ಒಬ್ರೂ ಹೊರಗೆ ಬಂದಿಲ್ಲ.
ಹೊತ್ತು ಮುಳುಗಿದ್ರೆ ಕುರಿ ಹೊಡ್ಕಂಡು ಹೋಗಾಕೆ
ಯಾರಾದ್ರೂ ಬರಬೇಕಲ್ಲ?"

ನಾನೂ ನೋಡಿದೆ.
ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

ಹಿತ್ತಲಲ್ಲಿ ಗುಲಾಬಿ ಇಲ್ಲ,
ಗುಲಾಬಿಗೆಂದು ಹೂತ ಇಟ್ಟಿಗೆಯ ಅಂಚಿದೆ.
ಸೀತಾಫಲ ಕಣ್ಣು ಬಿಟ್ಟಿದೆ. ಅದರ ಬುಡದಲ್ಲಿ
ಮೊಣಕಾಲೆತ್ತರದ ಕಲ್ಲು, ಕುಂಕುಮ, ಬಾಡಿದ ಕಣಗಿಲೆ.
ಎಣ್ಣೆಜಿಡ್ಡು ಉಜ್ಜಿದರೆ ಅಡಿಯಲ್ಲಿ ಇಂಗ್ಲಿಷು:
ಜಿಪ್. ನಂಬಿಗಸ್ತ ಗೆಳೆಯ. ಒಂಬತ್ತು ವರುಷ.

"ನಾಯಿ ಸಮಾಧಿ ಕಣಯ್ಯ ಇದು!"
"ನಾಯಪ್ಪ ಅಂತೀವಿ ನಾವು.
ಮಕ್ಳಿಗೆ ನಾಯಿಕೆಮ್ಮು ಬಂದ್ರೆ ಏಳು ಹಳ್ಳಿಯೋರು
ಇಲ್ಲಿಗೇ ಕರ್ಕಂಡು ಬರೋದು.
ಮೂರು ಭಾನುವಾರ, ವಾರಕ್ಕೊಂದು ರೊಟ್ಟಿ."
"ವಾಸಿಯಾಗುತ್ತಾ?"
"ಡಾಕ್ಟ್ರತ್ರಾನೂ ಹೋಗ್ತಾರೆ ಬಿಡ್ರಿ."

ದೊರೆಯ ಹೆಸರೇನು ಎಂದೆ. ಅವನಿಗೆ ಗೊತ್ತಿಲ್ಲ.
ಅವರಪ್ಪನಿಗೆ ಗೊತ್ತಿತ್ತಂತೆ,
ಎತ್ತಿಗೆ ಬೈಯುವಾಗ ಬಳಸುತ್ತಿದ್ದನಂತೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಜಗಲಿಯ ಮೇಲೆ
ಪೇಪರು ಹಾಸಿ ಮಂಡಕ್ಕಿ ಹಂಚಿಕೊಂಡೆವು.
ಎದುರಿನ ಗುಡ್ಡದಲ್ಲಿ ಗಾಳಿಯಂತ್ರಗಳು,
ಒಂದು ತಿರುಗಿದರೆ ಇನ್ನೊಂದಕ್ಕೆ ಸೋಮಾರಿತನ.
ಬಿದ್ದ ಕಾಂಪೌಂಡಿನ ಸಂದಿಯಿಂದ ಕುರಿಗಳು ನುಗ್ಗಿದವು,
ಮಣ್ಣುಬಣ್ಣದವು, ಮೈತುಂಬ ಮುಳ್ಳು, ಒಂದಕ್ಕೆ ಕುಂಟು,
ಹಿಂದೆ ಮೊಬೈಲಿನಲ್ಲಿ ಯಾರಿಗೋ ಜೋರು ಮಾಡುತ್ತ
ಕೋಲು ಹಿಡಿದ ಹುಡುಗಿ.

ಬೋಸಯ್ಯ ಬಾಯಿಗೊಯ್ದ ಮಂಡಕ್ಕಿ ಅಲ್ಲೇ ನಿಂತಿತು.
ತುಟಿ ಮಾತ್ರ ಅಲ್ಲಾಡುತ್ತಿತ್ತು.
ಎಣಿಸುತ್ತಿದ್ದ.

ಷರಾ ಕಾಲಂ ಎರಡು ಬೆರಳಗಲ. ಚೌಕಟ್ಟು ಸಡಿಲ,
ಗೆದ್ದಲು ಹತ್ತಿದೆ ಎಂದು ಬರೆಯಬೇಕಿತ್ತು. ಬರೆದೆ:
ಕುರಿ ಹನ್ನೊಂದು, ಸರಿಯಿದೆ. ಬಾಗಿಲು ಮುಚ್ಚಿದೆ.

ಪೆನ್ಸಿಲಿನಲ್ಲೇ ಬರೆದದ್ದು.
ಆಫೀಸಿಗೆ ಹೋಗಿ ಅಳಿಸಬಹುದು.