ಕೊಸರು

ಬೆಳಗ್ಗೆ ಹತ್ತಕ್ಕೆ ಫೋನಿನಲ್ಲಿ ಹುಬ್ಬಳ್ಳಿಯ ಹುಡುಗ:
"ನಿಮ್ಮ ಮಾಲಿನ ಅಳತಿ ಯಾವುದ್ರಿ ಮೇಡಂ?"
ಸೇರು, ಅಂದೆ.
ಅವನ ಬೆರಳು ಕೀಲಿಮಣೆಯ ಮೇಲೆ
ನಿಂತದ್ದು ಇಲ್ಲಿಗೆ ಕೇಳಿಸಿತು.
"ಪಟ್ಟಿಯೊಳಗ ಸೇರು ಇಲ್ರಿ.
ಕಿಲೋ ಐತಿ, ಪೆಟಿಗಿ ಐತಿ, ಡಜನ್ ಐತಿ,
ಪೀಪಾಯಿನೂ ಐತಿ."

ನಮ್ಮದು ಮಂಡಕ್ಕಿ ಭಟ್ಟಿ, ಶಿವಮೊಗ್ಗ, ತುಂಗಾನಗರದ ಆಚೆ.
ಹೊಗೆಗೊಳವೆ ಎರಡು, ಕಂಪ್ಯೂಟರ್ ಒಂದು.
ಆ ಒಂದಕ್ಕೆ ನಾನು.
ದಿನಕ್ಕೆರಡು ಸಲ ಕೀಲಿಗಳ ಮೇಲಿನ ಹೊಟ್ಟಿನ ಮಸಿ ಒರೆಸುವುದೂ ನಾನೇ.

ದಸ್ತಗೀರ್ ಸಾಹೇಬರು ಮೂವತ್ತು ವರ್ಷ
ಚೀಟಿಯಲ್ಲೇ ವ್ಯಾಪಾರ ಮಾಡಿದವರು.
ಭದ್ರಾವತಿಯಿಂದ ಸಿಗರೇಟು ಪ್ಯಾಕಿನ ಹಿಂಬದಿ
ಕಂಡಕ್ಟರ್ ಕೈಲಿ ಬರುತ್ತಿತ್ತು:
"ನಾಕು ಚೀಲ. ಹೋದ್ಸಲದಂಗೆ ಪುಡಿ ಬೇಡ."
ಅದೇ ಆರ್ಡರು, ಅದೇ ತಕರಾರು,
ಸಹಿ ಬಿದ್ದರೆ ಅದೇ ರಸೀತಿ.

ಈಗಿನದು ದೊಡ್ಡ ಅಂಗಡಿ.
ಮೂವತ್ತು ಊರಲ್ಲಿ ಒಂದೇ ಬಣ್ಣದ ಬಾಗಿಲು.
ಅವರ ಯಂತ್ರ ನಮ್ಮ ಯಂತ್ರಕ್ಕೆ
ರಾತ್ರಿ ಎರಡಕ್ಕೆ ಹೇಳುತ್ತದೆ.
ಕೇಳಿಸಿತು ಅಂತ ನಮ್ಮದು ಹೇಳಬೇಕು,
ಆಗಲಿ ಅಂತ ಇನ್ನೊಮ್ಮೆ,
ಲಾರಿ ಹೊರಡುವ ಮುಂಚೆ
ಯಾವ ಪೆಟ್ಟಿಗೆಯೊಳಗೆ ಎಷ್ಟು ಅಂತ ಮತ್ತೊಮ್ಮೆ.
ಹೊಸ ಬೀಗರ ಮನೆಗೆ ಹೊರಟ ಹಾಗೆ.

ನಮಗೊಂದು ಸಂಖ್ಯೆ ಕೊಟ್ಟರು, ಹದಿಮೂರು ಅಂಕಿ.
ಸಾಹೇಬರು ಕನ್ನಡಕ ಏರಿಸಿಕೊಂಡು ಓದಿದರು.
"ಇದರಲ್ಲಿ ನಾವೆಲ್ಲಿದೀವಮ್ಮ ಕುಮುದಾ?"
ಕೊನೆಯ ಅಂಕಿ ಮೊದಲಿನ ಹನ್ನೆರಡೂ
ಸರಿಯಿದೆಯಾ ಅಂತ ಕಾಯುತ್ತಂತೆ, ಅಂದೆ.
"ನಮ್ಮ ಕಿರೀ ಮಗಳೂ ಹಂಗೇ"
ಅಂತ ನಕ್ಕು ಭಟ್ಟಿಗೆ ಹೋದರು.

ಹನ್ನೊಂದು ದಿನ ಪರೀಕ್ಷೆ.
ಸುಳ್ಳು ಆರ್ಡರಿಗೆ ಸುಳ್ಳು ಮಂಡಕ್ಕಿ,
ಸುಳ್ಳು ಲಾರಿ, ಸುಳ್ಳು ಬಿಲ್ಲು.
ಒಂದು ಚುಕ್ಕೆ ಹೆಚ್ಚಾದರೆ ವಾಪಸು.
ತಾರೀಖಿಗಿಂತ ತಿಂಗಳು ಮುಂದೆ ನಿಂತರೆ ವಾಪಸು.
ಹನ್ನೆರಡನೇ ದಿನ ಹಸಿರು ಗೆರೆ.
ಅದೇ ವಾರ ನಿಜದ್ದು ಬಂತು:
ನಲವತ್ತು ಪೆಟ್ಟಿಗೆ, ಒಂದೊಂದರಲ್ಲಿ ಇಪ್ಪತ್ತು ಪೊಟ್ಟಣ.

ಪ್ಯಾಕಿಂಗಿನ ಶಾಂತಿಬಾಯಿ
ಪ್ರತಿ ಪೆಟ್ಟಿಗೆಗೂ ಇಪ್ಪತ್ತೊಂದನೆಯದನ್ನು ತುರುಕಿದ್ದಳು.
ಹಾಕು ಅಂತ ಯಾರೂ ಹೇಳಿರಲಿಲ್ಲ,
ಬೇಡ ಅಂತಲೂ.
ಮೊದಲ ಬೋಣಿ, ಕೊಸರು ಹಾಕದೆ ಕಳಿಸುವುದುಂಟೇ?

ಲಾರಿ ತಿರುಗಿ ಬಂತು, ಪೂರ್ತಿ ಮಾಲಿನ ಸಮೇತ.
ಹೇಳಿದ್ದು ಎಂಟುನೂರು,
ಇದ್ದದ್ದು ಎಂಟುನೂರಾ ನಲವತ್ತು.
"ಕಡಿಮೆ ತೂಗಿ ಬೈಸಿಕೊಂಡವರನ್ನ ಕಂಡಿದೀನಿ"
ಅಂದರು ಸಾಹೇಬರು,
ಮುಂದೆ ಏನೂ ಅನ್ನಲಿಲ್ಲ.

ಹುಬ್ಬಳ್ಳಿಯ ಹುಡುಗ ಒಳ್ಳೆಯವನು.
"ಒಂದು ಸಾಲು ಐತ್ರಿ, ರೇಟು ಸೊನ್ನಿ ಹಾಕಬಹುದು.
ಆದ್ರ ಕಾರಣ ಕೇಳತೈತಿ:
ಪ್ರಚಾರ, ಸ್ಯಾಂಪಲ್, ನಷ್ಟ ಪರಿಹಾರ."
ಸಾಹೇಬರು ಮೂರನ್ನೂ
ಒಂದೊಂದಾಗಿ ಬಾಯಲ್ಲಿಟ್ಟು ನೋಡಿದರು.
"ಮೂರೂ ಅಲ್ಲ. ಬಿಡಮ್ಮ."

ನಲವತ್ತು ಪೆಟ್ಟಿಗೆ ಬಿಚ್ಚಿ
ನಲವತ್ತು ಪೊಟ್ಟಣ ಹೊರಗೆ ತೆಗೆದಳು ಶಾಂತಿಬಾಯಿ.
ಟೇಪು ಕಿತ್ತು ಬರುವ ಸದ್ದೊಂದೇ.
ಸಂಜೆ ಅದಕ್ಕೆ ಈರುಳ್ಳಿ ಹೆಚ್ಚಿ, ಖಾರ ಹಚ್ಚಿ
ಹಳೇ ಪೇಪರಿನ ಮೇಲೆ ಸುರಿದುಕೊಂಡು ಎಲ್ಲರೂ ತಿಂದೆವು.
ಲಾರಿ ಡ್ರೈವರ್ ಎರಡನೇ ಸಲ ಕೇಳಿ ಹಾಕಿಸಿಕೊಂಡ.

ರಾತ್ರಿ ಮತ್ತೆ ಕಳಿಸಲು ಕೂತೆ.
ಮಾಲಿನ ಹೆಸರಿಗೆ ಮೂವತ್ತೈದು ಮನೆ ಕೊಟ್ಟಿದ್ದಾರೆ.
ಇಂಗ್ಲಿಷಿನಲ್ಲಿ ಮಂಡಕ್ಕಿ, ಒಂದು ಬಿಡುವು,
ಇನ್ನೂರು, ಗ್ರಾಮಿನ ಜಿ:
ಹದಿಮೂರಕ್ಕೆ ಮುಗಿಯಿತು.
ಉಳಿದ ಇಪ್ಪತ್ತೆರಡನ್ನು ಹಾಗೇ ಬಿಟ್ಟರೂ ನಡೆಯುತ್ತದೆ.
ನಾನು ಬಿಡಲಿಲ್ಲ.
ಉದ್ದ ಕೀಲಿಯನ್ನು ಇಪ್ಪತ್ತೆರಡು ಸಲ ಒತ್ತಿದೆ,
ಬಾಯಲ್ಲಿ ಎಣಿಸುತ್ತ.
ನಮ್ಮ ಮಾಲೂ ಮುಕ್ಕಾಲು ಗಾಳಿಯೇ ತಾನೆ.

ಎರಡು ಗಂಟೆಗೆ ಅವರ ಯಂತ್ರ ಹೇಳಿತು:
ಸ್ವೀಕರಿಸಲಾಗಿದೆ.
ಹೆಚ್ಚುಕಡಿಮೆ ಇಲ್ಲ.