ಉಸಿರು ಹಿಡಿಯಿರಿ

ಪರೇಲಿನ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ
ಇಪ್ಪತ್ತಾರು ವರ್ಷದಿಂದ, ದಿನಕ್ಕೆ ಎಂಬತ್ತು ಸಲ,
ನಾನು ಹೇಳುವುದು ಒಂದೇ ಮಾತು:
ಶ್ವಾಸ ಘ್ಯಾ. ರೋಖೂನ್ ಧರಾ.
ಆಮೇಲೆ ಗೋಡೆಯ ಹಿಂದೆ ಹೋಗಿ ಗುಂಡಿ ಒತ್ತುತ್ತೇನೆ.
ಇನ್ನು ಬಿಡಿ ಎನ್ನುವುದನ್ನು ಒಮ್ಮೊಮ್ಮೆ ಮರೆತು
ಯಾರೋ ಪಾಪ, ಕೆಂಪಗಾಗಿ ನಿಂತೇ ಇರುತ್ತಾರೆ.

ವಾಮನ ಭಾವ ಹೇಳಿದ ಶೇರನ್ನು
ನಾನೂ ಹಾಗೆಯೇ ಹಿಡಿದು ನಿಂತಿದ್ದೆ.
ಬಿಡು ಅಂತ ಯಾರೂ ಹೇಳಲಿಲ್ಲ.
ನೂರ ನಲವತ್ತಕ್ಕೆ ಕೊಂಡದ್ದು ಹನ್ನೊಂದಕ್ಕೆ ಇಳಿದು
ಒಂದು ಸೋಮವಾರ ಬೆಲೆಯೇ ಇಲ್ಲ,
ಬೆಲೆಯ ಜಾಗದಲ್ಲಿ ಬರೀ ಒಂದು ಗೀಟು.
ಭಾವ ಆರು ತಿಂಗಳು ನಮ್ಮ ಕಡೆ ತಲೆ ಹಾಕಲಿಲ್ಲ.
ಬಂದಾಗ ಹಲಸಿನ ಹಪ್ಪಳ ತಂದಿದ್ದರು.
ಅರವತ್ತು ಸಾವಿರದ ಹಪ್ಪಳ.
ಚೆನ್ನಾಗಿಯೇ ಇತ್ತು.

ಅಮ್ಮ ಲಾಲ್‌ಬಾಗಿನ ಚಾಳಿನಲ್ಲಿ ಚೀಟಿ ನಡೆಸುತ್ತಿದ್ದಳು.
ಇಪ್ಪತ್ತು ಹೆಂಗಸರು, ಇಪ್ಪತ್ತು ತಿಂಗಳು, ಒಂದು ತಗಡಿನ ಡಬ್ಬ.
ಲೆಕ್ಕ ಬರೆಯುವವಳು ನಾನು, ಆರನೇ ಕ್ಲಾಸು.
ಯಾರು ಕೈ ಕೊಡುತ್ತಾರೆಂದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು:
"ಸೀರೆ ನೋಡಬೇಡ ಜಲಜಾಕ್ಷಿ,
ಕಿರಾಣಿಯವನ ಹತ್ತಿರ ಅವಳ ಬಾಕಿ ಎಷ್ಟು, ಅದನ್ನು ಕೇಳು."

ಈಗ ಅದನ್ನೇ ಕೇಳುತ್ತೇನೆ.
ಸಂಜೆ ಆರು ಹತ್ತರ ಲೋಕಲ್ಲು, ಹೆಂಗಸರ ಡಬ್ಬಿ,
ನಾಲ್ಕನೇ ಸೀಟು, ಅಂದರೆ
ಅರ್ಧ ಮೈಗೆ ಸೀಟು, ಅರ್ಧ ಮೈಗೆ ಗಾಳಿ.
ಎದುರಿನವಳು ಮಡಿಲಲ್ಲಿ ಬಟಾಣಿ ಬಿಡಿಸುತ್ತಾಳೆ,
ನಾನು ಮೊಬೈಲಿನಲ್ಲಿ
ಟಯರು ಕಂಪೆನಿಯ ವಾರ್ಷಿಕ ವರದಿ ಬಿಡಿಸುತ್ತೇನೆ.
ಮೊದಲ ಮೂವತ್ತು ಪುಟ ಹಲ್ಲು ಕಾಣುವ ಫೋಟೋಗಳು.
ಅದು ಸೀರೆ. ದಾಟಿಸುತ್ತೇನೆ.
ಇನ್ನೂರ ಹನ್ನೆರಡನೇ ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರ:
ಬರಬೇಕಾದ ಹಣವೆಷ್ಟು, ಬಾರದೆ ಎಷ್ಟು ದಿನವಾಯಿತು,
ಅಣ್ಣನ ಕಂಪೆನಿ ತಮ್ಮನ ಕಂಪೆನಿಗೆ ಕೊಟ್ಟ ಸಾಲ.
ಮೂಳೆಯ ಕೂದಲೆಳೆ ಬಿರುಕೂ ಹೀಗೇ,
ಡಾಕ್ಟರ ಕಣ್ಣು ತಪ್ಪಿಸಿಕೊಂಡದ್ದು
ಫಿಲ್ಮನ್ನು ಓರೆಯಾಗಿ ಹಿಡಿದರೆ ನನಗೆ ಸಿಗುತ್ತದೆ.
ಹಾಗಂತ ಎಲ್ಲ ಸಲ ಸಿಗುವುದಿಲ್ಲ.
ಔಷಧದ ಕಂಪೆನಿಯೊಂದು ನನಗೆ ಸರಿಯಾಗಿಯೇ ಟೋಪಿ ಹಾಕಿದೆ.

ಆರು ತಿಂಗಳ ಅನ್ನ ಪೋಸ್ಟಾಫೀಸಿನಲ್ಲಿದೆ,
ಅದನ್ನು ದೇವರು ಕೇಳಿದರೂ ಕೊಡುವುದಿಲ್ಲ.
ಮನೆಯ ಕಂತು, ಮಗಳ ಫೀಸು ಕಳೆದು
ತಿಂಗಳಿಗೆ ನಾಲ್ಕು ಸಾವಿರ, ಅಷ್ಟೇ ನನ್ನ ಪೇಟೆ.

ಕಳೆದ ವಾರ ಡಿವಿಡೆಂಡು ಬಂತು.
ನಲವತ್ತು ಶೇರಿಗೆ ತೊಂಬತ್ತಾರು ರೂಪಾಯಿ.
ಫೋನು ಟಿಂಗ್ ಎಂದಾಗ
ಒಬ್ಬ ಮುದುಕನ ಎದೆಗೂಡು ಪರದೆಯ ಮೇಲಿತ್ತು.
ಯಾವನೋ ರಾತ್ರಿ ಪಾಳಿಯಲ್ಲಿ ರಬ್ಬರು ಕಾಯಿಸಿದ್ದಾನೆ,
ಯಾವುದೋ ಲಾರಿ ಜಾರದೆ ಘಾಟಿ ಇಳಿದಿದೆ,
ಅದರಲ್ಲಿ ನನ್ನ ಪಾಲು ಇಷ್ಟು.

ಆ ಸಂಜೆ ಫಸ್ಟ್ ಕ್ಲಾಸಿನ ಟಿಕೇಟು ತೆಗೆದೆ, ಜನ್ಮದಲ್ಲಿ ಮೊದಲ ಸಲ.
ಕೈಯಿಂದ ಒಂಬತ್ತು ರೂಪಾಯಿ ಸೇರಿಸಬೇಕಾಯಿತು.
ಇಡೀ ಮೈಗೆ ಸೀಟು.
ಕುರ್ಲಾದಲ್ಲಿ ಹತ್ತಿದ ಹುಡುಗಿ ಫೋನಿನಲ್ಲಿ ಕೂಗುತ್ತಿದ್ದಳು,
ಒಳಗಿನ ಸುದ್ದಿಯಂತೆ, ಮೂರು ತಿಂಗಳಲ್ಲಿ ಡಬಲ್ಲಂತೆ,
ಇವತ್ತೇ, ಈಗಲೇ.
ಅವಳ ಕತ್ತಿನ ನರ ಉಬ್ಬಿತ್ತು.
ಉಸಿರು ಬಿಡು ಮಗಾ ಅನ್ನಬೇಕೆನಿಸಿತು.
ಅನ್ನಲಿಲ್ಲ. ಗೋಡೆಯ ಹಿಂದೆ ನಿಂತೇ ಅಭ್ಯಾಸ ನನಗೆ.

ಡೊಂಬಿವಲಿಯಲ್ಲಿ ಇಳಿದು
ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪುಸ್ತಕ ತೆಗೆದು ಬರೆದೆ:
ಆದಾಯ ತೊಂಬತ್ತಾರು.
ಖರ್ಚು ನೂರ ಐದು. ಬಾಬ್ತು?
ಬಹಳ ಹೊತ್ತು ಯೋಚಿಸಿ ಜಂಬ ಎಂದು ಬರೆದು
ಹೊಡೆದುಹಾಕಿ
ಪ್ರಯಾಣ ಎಂದೆ.
ಆಮೇಲೆ, ಅಮ್ಮ ಎಲ್ಲಿ ನೋಡಿಬಿಡುತ್ತಾಳೋ ಎಂಬಂತೆ,
ಪುಟದ ತೀರಾ ಅಡಿಯಲ್ಲಿ
ಇರುವೆಯ ಅಕ್ಷರದಲ್ಲಿ ಒಂದು ಟಿಪ್ಪಣಿ ಸೇರಿಸಿದೆ:
ಜಂಬ.