ದಾಸ್ತಾನು ವಹಿ

ಕೀಲಿ ಇರಲಿಲ್ಲ.
ಹಿಂದಿನ ಹೆಡ್‌ಮಾಸ್ತರರು ವರ್ಗವಾಗಿ ಹೋಗುವಾಗ
ಅಂಗಿಯ ಕಿಸೆಯಲ್ಲೇ ಮರೆತು ಜೋಯಿಡಾಕ್ಕೆ ಒಯ್ದರಂತೆ.
ಆರು ಮಳೆಗಾಲ
ಬೈತಖೋಲದ ಶಾಲೆಯ ಮೂಲೆಯಲ್ಲಿ
ಬಿಸಿಯೂಟದ ಅಕ್ಕಿಮೂಟೆಗೆ ಒರಗಿ ಕೂತಿತ್ತು ವಿಜ್ಞಾನದ ಪೆಟ್ಟಿಗೆ.
ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ: 'ಮುಟ್ಟಿ ನೋಡಿ, ಬಿಚ್ಚಿ ನೋಡಿ.'
ಕೆಳಗೆ, ಸಣ್ಣಕ್ಕೆ:
'ಹಾಳಾದರೆ ಸಂಬಂಧಪಟ್ಟ ಶಿಕ್ಷಕರೇ ಹೊಣೆ.'

ಎಲ್ಲರೂ ಓದಿದ್ದು ಎರಡನೆಯ ಸಾಲನ್ನೇ.

ನಾನು ಹಳಿಯಾಳದವಳು.
ನಮ್ಮಲ್ಲಿ ಅಜ್ಜನ ಕುಡುಗೋಲು
ಮೊಮ್ಮಗನ ಕೈಗೂ ಬರುತ್ತದೆ.
ಇಲ್ಲಿಯ ಗಾಳಿಗೆ ಹಲ್ಲಿದೆ ಎಂದು
ಯಾರೂ ಹೇಳಿರಲಿಲ್ಲ.

ಬೀಗ ಒಡೆಯಬೇಕಾಗಲಿಲ್ಲ.
ಜಗ್ಗಿದೆ. ಬಿಸ್ಕೀಟಿನಂತೆ ಮುರಿದು ಕೈಗೆ ಬಂತು.

ಒಳಗೆ,
ತುಕ್ಕಿನ ಗಡ್ಡ ಬಿಟ್ಟ ಅಯಸ್ಕಾಂತ,
ಹಿಗ್ಗಲೂ ಕುಗ್ಗಲೂ ಒಲ್ಲದ ಸ್ಪ್ರಿಂಗು,
ಕಂಡ ದಿಕ್ಕಿಗೇ ಅಂಟಿಕೊಂಡ ದಿಕ್ಸೂಚಿ,
ಪೊರೆ ಬಂದ ಮಸೂರ.
ಹನ್ನೆರಡು ಪುಸ್ತಕ, ಥಂಡಿಗೆ ಒಂದಕ್ಕೊಂದು ಹತ್ತಿ
ಒಂದೇ ಪುಸ್ತಕವಾಗಿದ್ದವು.
ಮೇಲಿನದರ ರಟ್ಟಿನಲ್ಲಿ ಒಬ್ಬ ಹುಡುಗ
ಭೂತಗನ್ನಡಿ ಹಿಡಿದು ನಗುತ್ತಿದ್ದ;
ಬೂಷ್ಟು ಅವನ ಹಲ್ಲನ್ನಷ್ಟೇ ಬಿಟ್ಟಿತ್ತು.

ಮುಚ್ಚಿಬಿಡೋಣ ಅಂತಿದ್ದೆ.
ಅಷ್ಟರಲ್ಲಿ ಆಗ್ನೆಲ್ ಒಂದು ತಂತಿ ಎತ್ತಿದ್ದ:
'ಅಕ್ಕೋರೇ, ಇದು ಹಸ್ರು. ಅದು ಕೆಂಪು. ಎಂತಕ್ಕೆ?'
'ಗಾಜಿಗೆ ಎಂತದೂ ಆಗ್ಲಿಲ್ಲ, ನೋಡಿ.'
'ಇದ್ರ ಮೇಲೆ ಹಿಟ್ಟು ಹಿಟ್ಟು.'
ನೆಲದ ಮೇಲೆ ಸಾಲು ಸಾಲು ಹಚ್ಚಿದರು,
ಮೀನು ಆರಿಸಿ ಹರವುವ ಹಾಗೆ,
ಹಸಿರು ಅತ್ತ, ಕೆಂಪು ಇತ್ತ, ಏನೂ ಆಗದ್ದು ಹೊಸ್ತಿಲ ಹತ್ತಿರ.

ನಿಂತಲ್ಲೇ ಹೊಳೆಯಿತು.
ಯಾರೂ ಮುಟ್ಟದ ಪೆಟ್ಟಿಗೆ
ಆರು ವರ್ಷ ಕತ್ತಲಲ್ಲಿ ಒಂಟಿಯಾಗಿ
ಪ್ರಯೋಗ ಮಾಡುತ್ತ ಕೂತಿತ್ತು;
ವರದಿ ಬರೆಯಲಷ್ಟೇ ಯಾರೂ ಬಂದಿರಲಿಲ್ಲ.

ಮರುದಿನ ಶೇವಂತಿ ತಾಂಡೇಲ
ಪೇಪರಿನಲ್ಲಿ ಸುತ್ತಿ ತಂದಳು ಒಂದು ಗಟ್ಟಿ,
ನಾಯಿ ಕಡಿದು ಬಿಟ್ಟ ಎಲುಬಿನಂಥದ್ದು.
'ಸತು. ಬೋಟಿನ ಅಡಿಗೆ, ಪಂಕದ ಹತ್ರ ಬಡೀತ್ರು.
ಸಮುದ್ರ ಮೊದ್ಲು ಇದನ್ನೇ ತಿನ್ನೂದು,
ಬೋಟು ಉಳೀತದೆ ಅಂತಾನೆ ಅಪ್ಪ.'
'ಯಾಕೆ ಹಾಗೆ?' ಅಂದೆ.
'ಅದು ನೀವು ಹೇಳ್ಬೇಕು.'

ಗೊತ್ತಿಲ್ಲ, ಅಂದೆ.
ಇಪ್ಪತ್ತಮೂರು ತಲೆ ಒಟ್ಟಿಗೆ ಎದ್ದವು.

ಉಪ್ಪಿನಕಾಯಿಯ ನಾಲ್ಕು ಬಾಟಲಿ.
ಬಾವಿನೀರಿನಲ್ಲಿ ಒಂದು ಮೊಳೆ, ಕಡಲನೀರಿನಲ್ಲಿ ಒಂದು,
ಕಡಲನೀರಿನಲ್ಲೇ ಎಣ್ಣೆ ಹಚ್ಚಿದ್ದು ಒಂದು,
ಕಡೆಯದು ಸತುವಿನ ತುಂಡಿಗೆ ಕಟ್ಟಿ ಮುಳುಗಿಸಿದ್ದು.
ಬಾಟಲಿ ಉರುಳಬಾರದಲ್ಲ,
ದಂಡೆಗೆ ತೇಲಿ ಬಂದ ಥರ್ಮಾಕೋಲು ಕೊರೆದು
ದಿಗಂಬರ ಸ್ಟ್ಯಾಂಡು ಮಾಡಿದ. ಮೊದಲನೆಯದು ಮುರಿಯಿತು.
ಎರಡನೆಯದೂ. ಮೂರನೆಯದು
ಬೆಕ್ಕು ಹಾರಿದರೂ ನಿಂತಿತು.

ದಿನಕ್ಕೊಂದು ಚಿತ್ರ, ಹನ್ನೊಂದು ದಿನ.
ಕಡಲನೀರು ಚಹಾ ಆಯಿತು.
ಕಡೆಯ ಬಾಟಲಿಯಲ್ಲಿ ಮೊಳೆ
ನಿನ್ನೆ ಅಂಗಡಿಯಿಂದ ತಂದಂತಿತ್ತು,
ಪಕ್ಕದ ಸತು ಸುಣ್ಣ ಉಗುಳುತ್ತಿತ್ತು.

ಹಾಳೆಗಳನ್ನು ಬಲೆಯ ದಾರದಲ್ಲಿ ಹೊಲಿದರು,
ಬಲೆ ನೇಯುವ ಸೂಜಿಯಿಂದಲೇ.
ಪೆಟ್ಟಿಗೆಯ ಹದಿಮೂರನೆಯ ಪುಸ್ತಕ.
ತುಕ್ಕು ಎಂಬುದನ್ನು ನಾಲ್ಕು ಥರ ಬರೆದಿದ್ದಾರೆ,
ಒಂಬತ್ತನೆಯ ಪುಟ ಬಂಗಡೆ ನಾರುತ್ತದೆ.

ಬಿಣಗಾದ ಶಾಲೆಯವರು ಒಯ್ದರು.
ತಿರುಗಿ ಬಂದಾಗ ರಟ್ಟು ಹರಿದಿತ್ತು,
ಒಂದು ಹಾಳೆ ಮಾಯ.
ಅಂಚಿನಲ್ಲಿ ಪೆನ್ಸಿಲ್ಲು:
'ನಮ್ಮಲ್ಲಿ ಐದು ದಿನಕ್ಕೇ ಕೆಂಪಾಯ್ತು. ಬಿಸಿಲಲ್ಲಿ ಇಟ್ಟಿದ್ವಿ.
ನೀವು ಎಲ್ಲಿ ಇಟ್ಟಿದ್ರಿ? ಬರೆಯಲಿಲ್ಲ.'
ಅವತ್ತು ಮಧ್ಯಾಹ್ನದ ಆಟ ಬಿಟ್ಟು
ಮತ್ತೆ ನಾಲ್ಕು ಬಾಟಲಿ ತೊಳೆದರು.

ಮಾರ್ಚಿನಲ್ಲಿ ತಪಾಸಣೆ.
ವಹಿಯ ಖಾನೆಗಳನ್ನು ತುಂಬುತ್ತ ಬಂದೆ.
ಹನ್ನೆರಡು ಪುಸ್ತಕ, ಸ್ಥಿತಿ: ಬಳಸಿಲ್ಲ, ಹಾಳಾಗಿದೆ.
ಹದಿಮೂರನೆಯದು, ಸ್ಥಿತಿ: ಸವೆಯುತ್ತಿದೆ.
'ಹೊಣೆ ಯಾರು?' ಕೊನೆಯ ಖಾನೆಯಲ್ಲಿ
ನನ್ನ ಹೆಸರು ಬರೆಯಹೊರಟಾಗ
ಶೇವಂತಿ ಪೆನ್ನು ಕಸಿದಳು. ಆಮೇಲೆ ಆಗ್ನೆಲ್. ಆಮೇಲೆ ಎಲ್ಲರೂ.

ಜಾಗ ಸಾಲದೆ
ಸಹಿಗಳು ಅಂಚು ದಾಟಿ
ಮುಂದಿನ ವರ್ಷದ ಪುಟಕ್ಕೂ ಹೋಗಿವೆ.